ಟೆಸ್ಟ್ ಪಾಸ್ ಆಗಿತ್ತು, ಚೀಟಿ ಬರಲಿಲ್ಲ: ಕೋಲಾರದ ಒಂದು ಮಂಡಿ ಸಾಫ್ಟ್‌ವೇರ್ ಪ್ರಕರಣ

ಇದು ಕೋಲಾರದಲ್ಲಿ ಟೊಮೆಟೊ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಒಂದು ಚಿಕ್ಕ ತಂಡದ ಪ್ರಕರಣ. ಯೂನಿಟ್ ಟೆಸ್ಟ್‌ಗೆ, ಅಂದರೆ ಕೋಡ್‌ನ ಒಂದೊಂದು ಸಣ್ಣ ಭಾಗ ಸರಿಯಾಗಿದೆಯೇ ಎಂದು ನೋಡುವ ಪರೀಕ್ಷೆಗೆ, ಅವರು ಇನ್-ಮೆಮೊರಿ ಡೇಟಾಬೇಸ್ (ಡಿಸ್ಕ್ ಬದಲು ಕಂಪ್ಯೂಟರಿನ ಮೆಮೊರಿಯಲ್ಲೇ ಇರುವ ಡೇಟಾಬೇಸ್) ಬಳಸುತ್ತಿದ್ದರು. ಅದರಿಂದ ಏನು ಲಾಭವಾಯಿತು, ಎಲ್ಲಿ ಪೆಟ್ಟು ಬಿತ್ತು, ಕೊನೆಗೆ ಏನು ಬದಲಿಸಿದರು ಎಂಬುದು ಇಲ್ಲಿದೆ. ತಂಡದ, ಮಂಡಿಯ, ಜನರ ಹೆಸರು ಯಾವುದನ್ನೂ ಕೊಡುತ್ತಿಲ್ಲ. ಗುರುತು ಸಿಗಬಹುದಾದ ಸಣ್ಣಪುಟ್ಟ ವಿವರಗಳನ್ನು ಬದಲಿಸಿದ್ದೇನೆ. ತೊಂದರೆ ಆದ ಮೇಲೆ ತಂಡದವರು ಕರೆದರು, ಅವರ ಜೊತೆ ಕೂತು ಟೆಸ್ಟ್‌ಗಳನ್ನು ಒಂದೊಂದಾಗಿ ನೋಡಿದೆ. "ಬರೀರಿ ಸಾರ್, ಬೇರೆಯವರಿಗಾದ್ರೂ ಉಪಯೋಗ ಆಗ್ಲಿ" ಎಂದು ಅವರೇ ಹೇಳಿದರು.

ಹಿನ್ನೆಲೆ

ಕೋಲಾರದ ಎಪಿಎಂಸಿ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಕಡೆಯಿಂದ ಮಾಲು ಬರುತ್ತದೆ. ಪಕ್ಕದ ಚಿಂತಾಮಣಿ ಕಡೆಯಿಂದಲೂ ಬರುತ್ತದೆ. ಲೆಕ್ಕವೆಲ್ಲ 15 ಕೆಜಿ ಬಾಕ್ಸ್‌ನಲ್ಲಿ. ಹರಾಜಿನಲ್ಲಿ ಬಾಕ್ಸ್‌ಗೆ ಒಂದು ದರ ನಿಲ್ಲುತ್ತದೆ, ಮಂಡಿಯ ರೈಟರ್ ಅದನ್ನು ಬರೆದುಕೊಳ್ಳುತ್ತಾರೆ. ರೈತರು ಮುಂಗಡ ತೆಗೆದುಕೊಂಡಿದ್ದರೆ ಅದನ್ನು ಕಳೆದು, ಉಳಿದ ಹಣಕ್ಕೆ ಚೀಟಿ ಕೊಡುತ್ತಾರೆ. ರೈತರಿಗೆ ಆ ಚೀಟಿಯೇ ದಾಖಲೆ. ಬೆಳಿಗ್ಗೆ ಹರಾಜಿನ ಹೊತ್ತಿನಲ್ಲಿ ಚೀಟಿ ಹತ್ತು ನಿಮಿಷ ತಡವಾದರೂ ಕೌಂಟರ್ ಮುಂದೆ ಜನ ಸೇರುತ್ತಾರೆ.

ತಂಡ ಈ ಕೆಲಸವನ್ನು ಪೈಥಾನ್‌ನಲ್ಲಿ ಬರೆದಿತ್ತು. ವೆಬ್ ಭಾಗಕ್ಕೆ ಫ್ಲಾಸ್ಕ್, ಅದರ ಕೆಳಗೆ ಕೋಡ್ ಮತ್ತು ಡೇಟಾಬೇಸ್ ನಡುವೆ ನಿಲ್ಲುವ ಲೈಬ್ರರಿ ಎಸ್‌ಕ್ಯುಎಲ್‌ಆಲ್ಕೆಮಿ, ಬಾಡಿಗೆ ಸರ್ವರ್‌ನಲ್ಲಿ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್. ಈಗ ಸಾಕಷ್ಟು ಕಡೆ ಕಾಣುವ ಜೋಡಣೆಯೇ ಇದು.

ಮೊದಮೊದಲು ಟೆಸ್ಟ್‌ಗಳಿಗೂ ಪೋಸ್ಟ್‌ಗ್ರೆಸ್ಸನ್ನೇ ಬಳಸುತ್ತಿದ್ದರು. ಆದರೆ ಆಫೀಸಿಗೆಲ್ಲ ಸೇರಿ ಒಂದೇ ಟೆಸ್ಟ್ ಡೇಟಾಬೇಸ್. ಒಬ್ಬರು ರೈತರ ಪಟ್ಟಿ ಅಳಿಸಿದರೆ ಇನ್ನೊಬ್ಬರ ಟೆಸ್ಟ್ ಬೀಳುತ್ತಿತ್ತು. ನಿನ್ನೆ ಪಾಸ್ ಆದದ್ದು ಇವತ್ತು ಫೇಲ್, ಕಾರಣ ಗೊತ್ತಿಲ್ಲ. ಹೀಗಾದಾಗ ಜನ ಟೆಸ್ಟ್ ಓಡಿಸುವುದನ್ನೇ ನಿಲ್ಲಿಸುತ್ತಾರೆ. ಇಲ್ಲೂ ಅದೇ ಆಯಿತು.

ಇನ್-ಮೆಮೊರಿ ಬಂದದ್ದು

ದಾರಿ ತೋರಿಸಿದ್ದು ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗಿ. ಟೆಸ್ಟ್ ಓಡುವಾಗ ಮಾತ್ರ ಪೋಸ್ಟ್‌ಗ್ರೆಸ್ ಬದಲು ಎಸ್‌ಕ್ಯೂಲೈಟ್ ಬಳಸೋಣ, ಅದನ್ನೂ ಡಿಸ್ಕ್‌ನಲ್ಲಿಡದೆ ಮೆಮೊರಿಯಲ್ಲೇ ಇಡೋಣ ಎಂದಳು. ಎಸ್‌ಕ್ಯೂಲೈಟ್ 2000ದಲ್ಲಿ ಹೊರಬಂದ ಪುಟ್ಟ ಡೇಟಾಬೇಸ್. ಬೇರೆ ಸರ್ವರ್ ಬೇಡ, ಪಾಸ್‌ವರ್ಡ್ ಬೇಡ. ಫೈಲ್ ಹೆಸರಿನ ಜಾಗದಲ್ಲಿ 'ಮೆಮೊರಿ' ಎಂದು ಕೊಟ್ಟರೆ ಪೂರ್ತಿ ಡೇಟಾಬೇಸ್ ರ್‍ಯಾಮ್‌ನಲ್ಲಿ ಹುಟ್ಟುತ್ತದೆ, ಕನೆಕ್ಷನ್ ಮುಚ್ಚಿದರೆ ಮಾಯವಾಗುತ್ತದೆ. ಪ್ರತಿ ಟೆಸ್ಟ್‌ಗೂ ಹೊಸ, ಖಾಲಿ ಡೇಟಾಬೇಸ್. ಜಾವಾ ಲೋಕದಲ್ಲಿ ಇದೇ ಕೆಲಸಕ್ಕೆ ಎಚ್2 ಬಳಸುತ್ತಾರೆ. ಡಾಟ್‌ನೆಟ್‌ನವರಿಗೂ ಇಂಥದ್ದೊಂದು ಇದೆ.

ಎಸ್‌ಕ್ಯುಎಲ್‌ಆಲ್ಕೆಮಿ ನಡುವೆ ಇದ್ದುದರಿಂದ ಕೋಡ್ ಬದಲಿಸುವುದೇ ಬೇಕಾಗಲಿಲ್ಲ. ಕನೆಕ್ಷನ್ ಸಾಲು ಒಂದನ್ನು ಬದಲಿಸಿದರು, ಅಷ್ಟೇ. ಮೊದಲು ನಿಮಿಷಗಟ್ಟಲೆ ಕಾಯಿಸುತ್ತಿದ್ದ ಟೆಸ್ಟ್‌ಗಳು ಕೆಲವೇ ಸೆಕೆಂಡಿನಲ್ಲಿ ಮುಗಿದವು.

ಈ ನಿರ್ಧಾರವನ್ನು ನಾನು ಈಗಲೂ ತಪ್ಪು ಎನ್ನುವುದಿಲ್ಲ. ಟೆಸ್ಟ್ ಬರೆಯದಿದ್ದವರು ಬರೆಯತೊಡಗಿದರು. ಮುಂಗಡ ಕಳೆಯುವ ಲೆಕ್ಕ, ಹಮಾಲಿ, ಕೊಳೆತ ಬಾಕ್ಸ್ ಬಿಟ್ಟು ಎಣಿಸುವ ಲೆಕ್ಕ, ಎಲ್ಲಕ್ಕೂ ಟೆಸ್ಟ್ ಬಂತು. ಬಿಲ್ ಲೆಕ್ಕದಲ್ಲಿ ಅಡಗಿದ್ದ ನಿಜವಾದ ತಪ್ಪುಗಳು ಆ ದಿನಗಳಲ್ಲೇ ಸಿಕ್ಕವು. ಟೆಸ್ಟ್ ಬೇಗ ಓಡಿದರೆ ಜನ ಓಡಿಸುತ್ತಾರೆ. ಇದು ಸಣ್ಣ ವಿಷಯ ಅಲ್ಲ.

ಮೊದಲ ಪೆಟ್ಟು: ಹೆಸರು

2023ರ ಬೇಸಿಗೆಯಲ್ಲಿ ಒಂದು ಮಂಡಿಯಲ್ಲಿ ಸಾಫ್ಟ್‌ವೇರ್ ಲೈವ್ ಆಯಿತು. ಮೊದಲ ಬೆಳಿಗ್ಗೆಯೇ ಕೆಲವು ರೈತರ ಹೆಸರು ಸೇವ್ ಆಗಲಿಲ್ಲ. ಕೆಲವರದ್ದು ಮಾತ್ರ. ಉಳಿದವರದ್ದು ಸರಿಯಾಗಿಯೇ ಹೋಗುತ್ತಿತ್ತು.

ಹೆಸರಿನ ಕಾಲಂಗೆ 25 ಅಕ್ಷರದ ಮಿತಿ ಇತ್ತು. ಸಾಕಾಗುತ್ತೆ ಅನ್ನಿಸುತ್ತದೆ, ಅಲ್ವಾ? ಆದರೆ ನಮ್ಮ ಕಡೆ ಹೆಸರು ಬರೆಯುವುದು ಪಹಣಿಯಲ್ಲಿ ಇರುವ ಹಾಗೆ. ಗಂಡಸರಿಗೆ ಬಿನ್ ಹಾಕಿ ತಂದೆಯ ಹೆಸರು, ಹೆಂಗಸರಿಗೆ ಕೋಂ ಹಾಕಿ ಗಂಡನ ಹೆಸರು. ಉದಾಹರಣೆಗೆ ಕಟ್ಟಿಕೊಂಡ ಒಂದು ಹೆಸರು ನೋಡಿ: ಮುನಿವೆಂಕಟಮ್ಮ ಕೋಂ ನಾರಾಯಣಸ್ವಾಮಿ. ಕಣ್ಣಿಗೆ ಕಾಣುವುದು 13 ಅಕ್ಷರ, ನಡುವೆ 2 ಖಾಲಿ ಜಾಗ. ಆದರೆ ಕಂಪ್ಯೂಟರ್ ಎಣಿಸುವುದು ಯೂನಿಕೋಡ್ ಚಿಹ್ನೆಗಳನ್ನು. ಗುಣಿತದ ಗುರುತು ಬೇರೆ, ಹಲಂತ ಬೇರೆ, ಒತ್ತಕ್ಷರ ಬೇರೆ, ಸೊನ್ನೆ ಬೇರೆ. ಹಾಗೆ ಎಣಿಸಿದರೆ ಈ ಹೆಸರು 29 ಆಗುತ್ತದೆ. ಲಕ್ಷ್ಮಮ್ಮ ಎಂಬ ಮೂರಕ್ಷರದ ಹೆಸರೇ 9 ಚಿಹ್ನೆ ತಿನ್ನುತ್ತದೆ. ಪೋಸ್ಟ್‌ಗ್ರೆಸ್ ಈ ಎಣಿಕೆಯಲ್ಲಿ ಕಟ್ಟುನಿಟ್ಟು. 25 ದಾಟಿದರೆ ಸೇವ್ ಮಾಡುವುದಿಲ್ಲ, ಎರರ್ ಕೊಡುತ್ತದೆ.

ಎಸ್‌ಕ್ಯೂಲೈಟ್ ಈ ಮಿತಿಯನ್ನು ನೋಡುವುದೇ ಇಲ್ಲ. ಕಾಲಂಗೆ 25 ಎಂದು ಬರೆದಿದ್ದರೂ ಎಷ್ಟು ಉದ್ದ ಕೊಟ್ಟರೂ ಇಟ್ಟುಕೊಳ್ಳುತ್ತದೆ. ಇದು ಅದರ ದೋಷ ಅಲ್ಲ. ಅದನ್ನು ಕಟ್ಟಿದ ರೀತಿಯೇ ಹಾಗೆ, ಅವರ ದಾಖಲೆಗಳಲ್ಲಿ ಸ್ಪಷ್ಟವಾಗಿ ಬರೆದಿದೆ.

ಕೌಂಟರ್‌ನಲ್ಲಿದ್ದ ರೈಟರ್ ತಮಗೆ ತೋಚಿದ ದಾರಿ ಹಿಡಿದರು. ಕೋಂ ಮತ್ತು ಗಂಡನ ಹೆಸರು ಬಿಟ್ಟು ಬರೀ ಮುಂದಿನ ಹೆಸರು ಹಾಕಿದರು. ಚೀಟಿ ಬಂತು. ಆದರೆ ಒಂದೇ ಊರಿನಲ್ಲಿ ಅದೇ ಹೆಸರಿನವರು ಇಬ್ಬರಿದ್ದರು. ಒಬ್ಬರ ಮುಂಗಡ ಇನ್ನೊಬ್ಬರ ಖಾತೆಯಿಂದ ಕಡಿತವಾಯಿತು. ಅದನ್ನು ಸರಿಮಾಡಲು ಪುಸ್ತಕ ತೆಗೆದು ಕೂರಬೇಕಾಯಿತು.

ತಂಡ ಅವತ್ತು ಮಧ್ಯಾಹ್ನವೇ ಕಾಲಂ ಮಿತಿಯನ್ನು 100ಕ್ಕೆ ಏರಿಸಿತು. ತೊಂದರೆ ನಿಂತಿತು, ಎಲ್ಲರೂ ಮುಂದಿನ ಕೆಲಸಕ್ಕೆ ಹೋದರು. ಈ ಪ್ರಕರಣದಲ್ಲಿ ನಾನು ಜಾಸ್ತಿ ಹೊತ್ತು ನಿಂತು ನೋಡಿದ ಜಾಗ ಇದೇ. ಕಾಲಂ ಚಿಕ್ಕದಾಗಿತ್ತು ಎಂಬುದು ಎಲ್ಲರಿಗೂ ಕಂಡಿತು. ಅಷ್ಟು ಟೆಸ್ಟ್‌ಗಳಿದ್ದರೂ ಒಂದೂ ಇದನ್ನು ಯಾಕೆ ಹೇಳಲಿಲ್ಲ ಎಂದು ಆ ದಿನ ಯಾರೂ ಕೇಳಲಿಲ್ಲ. ಕೇಳಿದ್ದರೆ ಜುಲೈ ಬೇರೆ ಥರ ಇರುತ್ತಿತ್ತು.

ಜುಲೈ

2023ರ ಜುಲೈ ನೆನಪಿರಬಹುದು. ಟೊಮೆಟೊ ದರ ದೇಶದ ತುಂಬ ಸುದ್ದಿಯಾಗಿತ್ತು. ಕೋಲಾರದಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತು. ಕೆಲವೊಮ್ಮೆ ಬಿಡಿಸಿದ ಕೂಲಿಯೂ ಹುಟ್ಟದೆ ರಸ್ತೆ ಬದಿ ಸುರಿದು ಹೋಗುವ ಬೆಳೆಗೆ ಆ ದರ. ರೈತರ ಮಟ್ಟಿಗೆ ಅದು ವರ್ಷಗಳ ಸಾಲ ತೀರಿಸುವ ಕಾಲ.

ತಂಡದ ಟೇಬಲ್‌ನಲ್ಲಿ ಬಾಕ್ಸ್ ದರದ ಕಾಲಂ ಒಟ್ಟು 5 ಅಂಕಿಯದ್ದು, ಅದರಲ್ಲಿ 2 ಪೈಸೆಗೆ. ಅಂದರೆ ಹೆಚ್ಚೆಂದರೆ 999.99. ಬರೆದವರಿಗೆ ಬಾಕ್ಸ್ ಸಾವಿರ ದಾಟೀತು ಅನ್ನಿಸಿರಲಿಲ್ಲ. ದರ ಸಾವಿರ ಮುಟ್ಟಿದ ಬೆಳಿಗ್ಗೆ ಪೋಸ್ಟ್‌ಗ್ರೆಸ್ ಪ್ರತಿ ದುಬಾರಿ ಚೀಟಿಯನ್ನೂ ತಿರಸ್ಕರಿಸಿತು. "ಚೀಟಿ ಬರ್ತಿಲ್ಲ ಸಾರ್, ರೈತರು ನಿಂತವ್ರೆ" ಎಂದು ರೈಟರ್ ಫೋನ್ ಮಾಡಿದರು.

ಮನಸ್ಸಿಗೆ ನಾಟುವ ಸಂಗತಿ ಮುಂದಿದೆ. ಇದಕ್ಕೆ ಟೆಸ್ಟ್ ಇತ್ತು! ಇನ್-ಮೆಮೊರಿ ತಂದ ಆ ಹುಡುಗಿಯ ಮನೆಯಲ್ಲೇ ಟೊಮೆಟೊ ಬೆಳೆಯುತ್ತಾರೆ. ದರ ಹೇಗೆ ಏರುತ್ತೆ, ಹೇಗೆ ಬೀಳುತ್ತೆ ಎಂದು ಅವಳಿಗೆ ಗೊತ್ತು. 'ದುಬಾರಿ ದಿನ' ಎಂಬ ಹೆಸರಿನಲ್ಲಿ ಬಾಕ್ಸ್‌ಗೆ 1,500 ಹಾಕಿ ಅವಳು ಮೊದಲೇ ಟೆಸ್ಟ್ ಬರೆದಿದ್ದಳು. ಅದು ದಿನಾ ಪಾಸ್ ಆಗುತ್ತಿತ್ತು. ಎಸ್‌ಕ್ಯೂಲೈಟ್ 5 ಅಂಕಿ ಮಿತಿಯನ್ನೂ ನೋಡುವುದಿಲ್ಲವಲ್ಲ. ಸರಿಯಾದ ಪ್ರಶ್ನೆ ಕೇಳಿದ್ದಳು. ಆದರೆ ಉತ್ತರ ಕೊಟ್ಟದ್ದು ಬೇರೆ ಡೇಟಾಬೇಸ್.

ಕಾಲಂ ದೊಡ್ಡದು ಮಾಡಿ ಚೀಟಿ ಮತ್ತೆ ಶುರುವಾಯಿತು. ಸಂಜೆ ಇನ್ನೊಂದು ತಕರಾರು ಬಂತು. ಮಂಡಿ ಮಾಲೀಕರು ಚೀಟಿಗಳನ್ನು ಜೋಡಿಸಿ ನೋಡಿದಾಗ ನಡುನಡುವೆ ನಂಬರ್ ಹಾರಿತ್ತು. "ಈ ಚೀಟಿಗಳು ಎಲ್ಲಿ ಹೋದ್ವು? ಯಾರು ಹರಿದು ಹಾಕಿದ್ದು?" ಎಂದು ರೈಟರನ್ನು ಕೇಳಿದರು. ಆ ಮಂಡಿಯಲ್ಲೇ ಕೆಲಸ ಮಾಡುತ್ತಾ ಬಂದ ಮನುಷ್ಯ ಅವರು. ದರ ಅಷ್ಟಿರುವ ದಿನ ಚೀಟಿ ಕಾಣೆಯಾಗಿದೆ ಎಂದರೆ ಅದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ.

ಚೀಟಿಗಳನ್ನು ಯಾರೂ ಹರಿದಿರಲಿಲ್ಲ. ಸಾಫ್ಟ್‌ವೇರ್ ಮೊದಲು ಚೀಟಿಯ ತಲೆಭಾಗ ಸೇರಿಸುತ್ತಿತ್ತು, ಆಗ ಪೋಸ್ಟ್‌ಗ್ರೆಸ್ಸಿನಲ್ಲಿ ಮುಂದಿನ ನಂಬರ್ ಕೊಡುವ ಸೀಕ್ವೆನ್ಸ್‌ನಿಂದ ಒಂದು ನಂಬರ್ ಬರುತ್ತಿತ್ತು. ಆಮೇಲೆ ಬಾಕ್ಸ್, ದರದ ಸಾಲುಗಳು. ದರದ ಸಾಲು ಬಿದ್ದಾಗ ಇಡೀ ಚೀಟಿ ರೋಲ್‌ಬ್ಯಾಕ್ ಆಯಿತು, ಅಂದರೆ ಬರೆದದ್ದೆಲ್ಲ ರದ್ದಾಯಿತು. ಆದರೆ ಸೀಕ್ವೆನ್ಸ್ ಕೊಟ್ಟ ನಂಬರ್ ರೋಲ್‌ಬ್ಯಾಕ್ ಆಗುವುದಿಲ್ಲ. ಹಲವರು ಒಟ್ಟಿಗೆ ನಂಬರ್ ಕೇಳಿದಾಗ ಯಾರೂ ಯಾರಿಗೂ ಕಾಯಬಾರದು ಎಂದು ಅದನ್ನು ಹಾಗೆ ಮಾಡಿದ್ದಾರೆ. ಎಸ್‌ಕ್ಯೂಲೈಟ್‌ನಲ್ಲಿ ಮಾಮೂಲಿ ಐಡಿ ಕಾಲಂ ಇದ್ದರೆ ಟೇಬಲ್‌ನಲ್ಲಿರುವ ದೊಡ್ಡ ನಂಬರ್‌ಗೆ ಒಂದು ಸೇರಿಸಿಕೊಳ್ಳುತ್ತದೆ. ಹಾಗಾಗಿ ರೋಲ್‌ಬ್ಯಾಕ್ ಆದರೆ ಅದೇ ನಂಬರ್ ಮತ್ತೆ ಸಿಗುತ್ತದೆ. ನಂಬರ್ ಸಾಲಾಗಿ ಬರುತ್ತದೆ ಎಂದು ನೋಡುವ ಟೆಸ್ಟ್ ಅಲ್ಲಿ ಯಾವಾಗಲೂ ಪಾಸ್.

ಹಿರಿಯ ಡೆವಲಪರ್ ಸರ್ವರ್‌ನ ಎರರ್ ಲಾಗ್ ಪ್ರಿಂಟ್ ತೆಗೆದು, ಪ್ರತಿ ಕಾಣೆಯಾದ ನಂಬರಿನ ಎದುರು ಬಿದ್ದ ಹೊತ್ತನ್ನು ಬರೆದು, ಮರುದಿನ ಮಾಲೀಕರ ಮುಂದೆ ಇಟ್ಟರು. ರೈಟರ್ ಪಕ್ಕದಲ್ಲೇ ಕೂತಿದ್ದರು. ಮಾಲೀಕರು ಒಪ್ಪಿದರು. ತಂಡದ ಮನಸ್ಸು ಬದಲಾದದ್ದು ಅಲ್ಲಿ. ಕಾಲಂ ತಪ್ಪಿದರೆ ಅರ್ಧ ದಿನದ ಕೆಲಸ. ಒಬ್ಬ ಮನುಷ್ಯನ ಮೇಲೆ ಅನುಮಾನ ಬಂದರೆ ಅದನ್ನು ತೊಳೆಯುವುದು ಬೇರೆ ಮಾತು.

ನಿರ್ಧಾರದ ಹೊತ್ತು

ನಾನು ಹೋದಾಗ ಮೇಜಿನ ಮೇಲೆ ಮೂರು ಮಾತುಗಳಿದ್ದವು. ಇನ್-ಮೆಮೊರಿಯನ್ನೇ ಬಿಗಿ ಮಾಡೋಣ ಎಂಬುದು ಒಂದು. ಎಲ್ಲ ಟೆಸ್ಟ್‌ಗಳನ್ನೂ ಡಾಕರ್‌ನಲ್ಲಿ (ಸಾಫ್ಟ್‌ವೇರನ್ನು ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸುವ ಸಾಧನ) ಏಳುವ ನಿಜವಾದ ಪೋಸ್ಟ್‌ಗ್ರೆಸ್‌ಗೆ ಕಳಿಸೋಣ ಎಂಬುದು ಇನ್ನೊಂದು. ಡೇಟಾಬೇಸ್ ಮುಟ್ಟುವ ಟೆಸ್ಟ್ ಬೇಡವೇ ಬೇಡ, ಡೇಟಾಬೇಸಿನ ಹಾಗೆ ಉತ್ತರ ಕೊಡುವ ನಕಲಿ ವಸ್ತುಗಳನ್ನಿಟ್ಟು ನಡೆಸೋಣ ಎಂಬುದು ಮೂರನೆಯದು.

ಬಿಗಿ ಮಾಡುವುದನ್ನು ಮೊದಲು ನೋಡಿದೆವು. ಎಸ್‌ಕ್ಯೂಲೈಟ್‌ನಲ್ಲಿ ಫಾರಿನ್ ಕೀ ಪರೀಕ್ಷೆ (ಒಂದು ಟೇಬಲ್ ಹೇಳುವ ಸಾಲು ಇನ್ನೊಂದು ಟೇಬಲ್‌ನಲ್ಲಿ ನಿಜವಾಗಿ ಇದೆಯೇ ಎಂದು ನೋಡುವುದು) ತಾನಾಗಿ ಆನ್ ಆಗಿರುವುದಿಲ್ಲ. ಪ್ರತಿ ಕನೆಕ್ಷನ್‌ನಲ್ಲೂ ಪ್ರಾಗ್ಮಾ ಎಂಬ ಸೆಟ್ಟಿಂಗ್ ಸಾಲಿನಿಂದ ಆನ್ ಮಾಡಬೇಕು. ಮಾಡಿದೆವು. ತಕ್ಷಣ ಒಂದಷ್ಟು ಟೆಸ್ಟ್ ಬಿದ್ದವು. ಹಳೆಯ ಎಕ್ಸೆಲ್ ಲೆಕ್ಕವನ್ನು ತರುವ ಕೋಡ್, ಪಟ್ಟಿಯಲ್ಲೇ ಇಲ್ಲದ ರೈತರ ಗುರುತಿನ ಸಂಖ್ಯೆಗೂ ಮುಂಗಡ ಬರೆಯುತ್ತಿತ್ತು. ಅಷ್ಟರ ಮಟ್ಟಿಗೆ ಲಾಭ. ಆಮೇಲೆ ಸ್ಟ್ರಿಕ್ಟ್ ಟೇಬಲ್ ನೋಡಿದೆವು. 2021ರಲ್ಲಿ ಬಂದ ಸೌಲಭ್ಯ ಇದು. ಸಂಖ್ಯೆಯ ಕಾಲಂಗೆ ಪದ ಹಾಕಿದರೆ ತಡೆಯುತ್ತದೆ. ಆದರೆ ಉದ್ದದ ಮಿತಿ, ಅಂಕಿಯ ಮಿತಿ ಅದರಲ್ಲೂ ಇಲ್ಲ. ಅಂಥ ಕಾಲಂ ವಿಧಗಳನ್ನು ಅದು ಒಪ್ಪುವುದೇ ಇಲ್ಲ. ಪ್ರತಿ ಮಿತಿಗೂ ಕೈಯಿಂದ ಚೆಕ್ ನಿಯಮ ಬರೆಯಬಹುದು. ಆದರೆ ಬರೆಯಬೇಕಾದ ಮಿತಿ ಯಾವುದೆಂದು ನೆನಪಿದ್ದರೆ ತಾನೇ ಬರೆಯುವುದು? ನೆನಪಿಲ್ಲದ್ದನ್ನು ಹಿಡಿಯಲೆಂದೇ ಟೆಸ್ಟ್ ಇರುವುದು.

ಡಾಕರ್ ದಾರಿ ಒಳ್ಳೆಯದೇ. ಟೆಸ್ಟ್‌ಕಂಟೇನರ್ಸ್ ಎಂಬ ಲೈಬ್ರರಿ ಬಳಸಿದರೆ ಟೆಸ್ಟ್ ಶುರುವಾದಾಗ ಪೋಸ್ಟ್‌ಗ್ರೆಸ್ ತಾನೇ ಎದ್ದು, ಮುಗಿದಾಗ ತಾನೇ ಹೋಗುತ್ತದೆ. ಆದರೆ ತಂಡದ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು ವಿಂಡೋಸ್, ಮೆಮೊರಿ ಕಡಿಮೆ. ಡಾಕರ್ ತೆರೆದರೆ ಉಳಿದದ್ದೆಲ್ಲ ತೆವಳುತ್ತಿತ್ತು. ಟೆಸ್ಟ್ ಮತ್ತೆ ನಿಧಾನವಾದರೆ ಜನ ಮತ್ತೆ ಬಿಡುತ್ತಾರೆ ಎಂಬ ಭಯ ನನಗೂ ಇತ್ತು. ಮೂರನೆಯ ದಾರಿಯನ್ನು ಬೇಗ ಬಿಟ್ಟೆವು. ನಕಲಿ ವಸ್ತು ಎಸ್‌ಕ್ಯೂಲೈಟ್‌ಗಿಂತಲೂ ಜಾಸ್ತಿ ಹೂಂ ಅನ್ನುತ್ತದೆ.

ಕೊನೆಗೆ ಟೆಸ್ಟ್‌ಗಳನ್ನೇ ವಿಂಗಡಿಸಿದರು. ಹಮಾಲಿ ಎಷ್ಟು, ಮುಂಗಡ ಕಳೆದು ಕೈಗೆ ಎಷ್ಟು ಎಂಬ ಲೆಕ್ಕಕ್ಕೆ ಡೇಟಾಬೇಸೇ ಬೇಕಿಲ್ಲ. ಅದನ್ನು ಬರೀ ಫಂಕ್ಷನ್‌ಗಳಾಗಿ ಬಿಡಿಸಿ ತೆಗೆದರು. ಹೆಚ್ಚಿನ ಟೆಸ್ಟ್‌ಗಳು ಆ ಗುಂಪಿನವೇ ಆಗಿದ್ದವು. ಅವು ಇನ್-ಮೆಮೊರಿಗಿಂತಲೂ ಬೇಗ ಓಡಿದವು. ಉಳಿದವು ಉಳಿಸುವ, ಹುಡುಕುವ, ಅಳಿಸುವ ಟೆಸ್ಟ್‌ಗಳು. ಅವೆಲ್ಲ ಪೋಸ್ಟ್‌ಗ್ರೆಸ್‌ಗೆ ಹೋದವು. ಡಾಕರ್ ಇಲ್ಲದೆ ಪ್ರತಿ ಲ್ಯಾಪ್‌ಟಾಪ್‌ನಲ್ಲೂ ನೇರವಾಗಿ ಇನ್‌ಸ್ಟಾಲ್ ಮಾಡಿದರು. ಹಾಗಾಗಿ ಹಳೆಯ 'ಎಲ್ಲರಿಗೂ ಒಂದೇ' ತೊಂದರೆ ಬರಲಿಲ್ಲ. ಪ್ರತಿ ಟೆಸ್ಟ್ ಒಂದು ಟ್ರಾನ್ಸಾಕ್ಷನ್ (ಒಟ್ಟಿಗೆ ಉಳಿಯುವ ಇಲ್ಲವೇ ಒಟ್ಟಿಗೆ ರದ್ದಾಗುವ ಕೆಲಸಗಳ ಕಟ್ಟು) ಒಳಗೆ ಓಡಿ ಕೊನೆಗೆ ರೋಲ್‌ಬ್ಯಾಕ್ ಆಗುತ್ತದೆ. ಟೆಸ್ಟ್‌ಗೆ ಮಾತ್ರ ಇರುವ ಆ ಪೋಸ್ಟ್‌ಗ್ರೆಸ್‌ನಲ್ಲಿ ಎಫ್‌ಸಿಂಕ್ ಆಫ್ ಮಾಡಿದರು. ಡಿಸ್ಕ್‌ಗೆ ಬರೆದು ಮುಗಿಯುವ ತನಕ ಕಾಯುವುದು ತಪ್ಪಿತು. ಲೈವ್ ಸರ್ವರ್‌ನಲ್ಲಿ ಇದನ್ನು ಎಂದೂ ಮಾಡಬಾರದು, ಕರೆಂಟ್ ಹೋದರೆ ಡೇಟಾ ಕೆಡುತ್ತದೆ. ಟೆಸ್ಟ್ ಡೇಟಾ ಕೆಟ್ಟರೆ ನಷ್ಟವಿಲ್ಲ. ಇನ್-ಮೆಮೊರಿಯ ವೇಗ ಪೂರ್ತಿ ಸಿಗಲಿಲ್ಲ, ಆದರೆ ಕಾಯುವುದು ಬೇಸರವಾಗುವಷ್ಟೂ ಇಲ್ಲ.

ಒಂದು ಜಾಗದಲ್ಲಿ ಇನ್-ಮೆಮೊರಿ ಹಾಗೇ ಉಳಿಯಿತು. ಹರಾಜು ಕಟ್ಟೆಯಲ್ಲಿ ದರ ಬರೆದುಕೊಳ್ಳುವ ಆಂಡ್ರಾಯ್ಡ್ ಆ್ಯಪ್ ನೆಟ್‌ವರ್ಕ್ ಇಲ್ಲದಾಗ ಫೋನಿನಲ್ಲೇ ಉಳಿಸಿಕೊಳ್ಳುತ್ತದೆ. ಆಂಡ್ರಾಯ್ಡ್ ಒಳಗಿರುವುದು ಎಸ್‌ಕ್ಯೂಲೈಟೇ. ಗೂಗಲ್‌ನ ರೂಮ್ ಲೈಬ್ರರಿಯಲ್ಲಿ ಇನ್-ಮೆಮೊರಿ ಡೇಟಾಬೇಸ್ ಕಟ್ಟುವ ಸೌಲಭ್ಯ ಟೆಸ್ಟ್‌ಗೆಂದೇ ಇದೆ. ಲೈವ್‌ನಲ್ಲೂ ಅದೇ ಡೇಟಾಬೇಸ್, ಟೆಸ್ಟ್‌ನಲ್ಲೂ ಅದೇ. ಅಲ್ಲಿ ಬದಲಿಸುವ ಕಾರಣವೇ ಇರಲಿಲ್ಲ.

ಆಮೇಲೆ ಸಿಕ್ಕಿದ್ದು

ಟೆಸ್ಟ್‌ಗಳನ್ನು ಪೋಸ್ಟ್‌ಗ್ರೆಸ್‌ಗೆ ಬದಲಿಸಿದ ಮೊದಲ ದಿನ ಬಿದ್ದ ಟೆಸ್ಟ್‌ಗಳ ಪಟ್ಟಿ ಉದ್ದವಿತ್ತು. 'ದುಬಾರಿ ದಿನ' ಹಳೆಯ ಕಾಲಂ ಇಟ್ಟು ಓಡಿಸಿದಾಗ ತಕ್ಷಣ ಬಿತ್ತು. ಹುಡುಕುವ ಟೆಸ್ಟ್‌ಗಳೂ ಬಿದ್ದವು. ಎಸ್‌ಕ್ಯೂಲೈಟ್‌ನಲ್ಲಿ ಹುಡುಕಲು ಬಳಸುವ ಲೈಕ್ (LIKE) ಎಂಬ ಆದೇಶ ಇಂಗ್ಲಿಷ್ ಅಕ್ಷರಗಳಲ್ಲಿ ದೊಡ್ಡದು ಚಿಕ್ಕದು ಎಂದು ಭೇದ ಮಾಡುವುದಿಲ್ಲ, ಪೋಸ್ಟ್‌ಗ್ರೆಸ್ ಮಾಡುತ್ತದೆ. ವ್ಯಾಪಾರಿಗಳ ಹೆಸರನ್ನು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಹುಡುಕಿದರೆ ಸಿಗುತ್ತಿಲ್ಲ ಎಂಬ ದೂರು ಎಷ್ಟೋ ದಿನದಿಂದ ಇತ್ತು. ಅದರ ಕಾರಣ ಅವತ್ತು ಗೊತ್ತಾಯಿತು.

ಎಲ್ಲಕ್ಕಿಂತ ದೊಡ್ಡದು ಮುಂಗಡದ್ದು. ಟೆಸ್ಟ್ ಫೈಲ್‌ನಲ್ಲಿ ಒಂದು ಟೆಸ್ಟನ್ನು 'ಆಮೇಲೆ ನೋಡೋಣ' ಎಂದು ಬರೆದು ಸ್ಕಿಪ್ ಮಾಡಿದ್ದರು. ಎರಡು ಕೌಂಟರ್‌ನಿಂದ ಒಂದೇ ರೈತರ ಮುಂಗಡವನ್ನು ಒಂದೇ ಹೊತ್ತಿಗೆ ಕಳೆದರೆ ಏನಾಗುತ್ತದೆ ಎಂಬ ಟೆಸ್ಟ್ ಅದು. ಇನ್-ಮೆಮೊರಿಯಲ್ಲಿ ಅದನ್ನು ಓಡಿಸಲು ಆಗಿರಲಿಲ್ಲ. ಡೇಟಾಬೇಸ್ ಒಂದು ಕನೆಕ್ಷನ್‌ಗೆ ಸೇರಿದ್ದು. ಎರಡನೇ ಥ್ರೆಡ್ (ಜೊತೆಯಲ್ಲೇ ಓಡುವ ಇನ್ನೊಂದು ಕೆಲಸ) ತನ್ನದೇ ಕನೆಕ್ಷನ್ ತೆರೆದರೆ ಅದಕ್ಕೆ ಸಿಗುವುದು ಇನ್ನೊಂದು ಖಾಲಿ ಡೇಟಾಬೇಸ್, ಟೇಬಲ್ಲೇ ಇಲ್ಲ ಎಂಬ ಎರರ್. ಇಬ್ಬರಿಗೂ ಒಂದೇ ಕನೆಕ್ಷನ್ ಕೊಟ್ಟರೆ ಇಬ್ಬರು ಇದ್ದ ಹಾಗೇ ಆಗುವುದಿಲ್ಲ. ಟೆಸ್ಟ್ ಓಡುತ್ತಿಲ್ಲ ಎಂದು ಬದಿಗಿಟ್ಟರು. ಅದು ಓಡದೇ ಇರುವುದೇ ಒಂದು ಸುಳಿವಾಗಿತ್ತು.

ಪೋಸ್ಟ್‌ಗ್ರೆಸ್‌ನಲ್ಲಿ ಅದನ್ನು ಹೊಸದಾಗಿ ಬರೆದೆವು. 10,000 ಮುಂಗಡ, ಒಂದು ಕಡೆ 3,000 ಕಳೆಯಬೇಕು, ಇನ್ನೊಂದು ಕಡೆ 2,000. ಉಳಿಯಬೇಕಾದ್ದು 5,000. ಉಳಿದದ್ದು 8,000. ಇಬ್ಬರೂ ಮೊದಲು 10,000 ಓದಿದರು, ಆಮೇಲೆ ಬರೆದವರು ಮೊದಲು ಬರೆದವರದ್ದನ್ನು ಅಳಿಸಿದರು. ಓದುವಾಗಲೇ ಸಾಲನ್ನು ಹಿಡಿದಿಡುವ ಸೆಲೆಕ್ಟ್ ಫಾರ್ ಅಪ್‌ಡೇಟ್ ಹಾಕಿ ಸರಿ ಮಾಡಿದರು. ಒಂದು ವೇಳೆ ಇದನ್ನು ಹಿಂದೆಯೇ ಹಾಕಿದ್ದರೂ ಇನ್-ಮೆಮೊರಿ ಟೆಸ್ಟ್ ಅದನ್ನು ಗುರುತಿಸುತ್ತಿರಲಿಲ್ಲ. ಎಸ್‌ಕ್ಯೂಲೈಟ್‌ನಲ್ಲಿ ಈ ಮಾತೇ ಇಲ್ಲ. ಎಸ್‌ಕ್ಯುಎಲ್‌ಆಲ್ಕೆಮಿ ಅಲ್ಲಿಗೆ ಕಳಿಸುವಾಗ ಸದ್ದಿಲ್ಲದೆ ಅದನ್ನು ಬಿಟ್ಟುಬಿಡುತ್ತದೆ. ಇದ್ದರೂ ಪಾಸ್, ತೆಗೆದರೂ ಪಾಸ್.

ಇಂಥ ಟೆಸ್ಟ್‌ಗೆ ರೋಲ್‌ಬ್ಯಾಕ್ ತಂತ್ರ ನಡೆಯುವುದಿಲ್ಲ ಎಂಬುದನ್ನು ನೆನಪಿಡಿ. ಒಂದು ಕನೆಕ್ಷನ್ ಕಮಿಟ್ ಮಾಡದ್ದು, ಅಂದರೆ ಖಾಯಂ ಆಗಿ ಉಳಿಸದ್ದು, ಇನ್ನೊಂದಕ್ಕೆ ಕಾಣದು. ಆ ಕೆಲವು ಟೆಸ್ಟ್‌ಗಳು ನಿಜವಾಗಿ ಕಮಿಟ್ ಮಾಡಿ, ಕೊನೆಗೆ ಟೇಬಲ್ ಖಾಲಿ ಮಾಡುತ್ತವೆ. ಎರಡೂ ಕಡೆ ಒಬ್ಬರಿಗೊಬ್ಬರು ಕಾಯುತ್ತಾ ನಿಂತುಬಿಡಬಾರದೆಂದು ಅವುಗಳಲ್ಲಿ ಲಾಕ್ ಟೈಮ್‌ಔಟ್ (ಲಾಕ್‌ಗೆ ಕಾಯುವ ಹೊತ್ತಿನ ಮಿತಿ) ಚಿಕ್ಕದಾಗಿ ಇಟ್ಟಿದ್ದಾರೆ. ಚೀಟಿ ನಂಬರನ್ನು ಸೀಕ್ವೆನ್ಸ್‌ನಿಂದ ಬಿಡಿಸಿ, ಅದಕ್ಕೆಂದೇ ಇರುವ ಒಂದು ಸಾಲನ್ನು ಲಾಕ್ ಮಾಡಿ ಏರಿಸುವ ಹಾಗೆ ಮಾಡಿದರು. ಚೀಟಿ ಬಿದ್ದರೆ ನಂಬರೂ ಹಿಂದೆ ಬರುತ್ತದೆ. ಒಂದೇ ಸಾಲಿಗೆ ಎಲ್ಲ ಕೌಂಟರ್ ಕಾಯಬೇಕು ನಿಜ, ಆದರೆ ಒಂದು ಮಂಡಿಯ ಕೌಂಟರ್‌ಗಳಿಗೆ ಆ ಕಾಯುವಿಕೆ ಗೊತ್ತೇ ಆಗದು.

ಇನ್ನೂ ಒಂದು ಕೆಲಸ ನಡೆಯುತ್ತಿದೆ. ಇಷ್ಟು ದಿನ ಟೆಸ್ಟ್ ಟೇಬಲ್‌ಗಳನ್ನು ನೇರವಾಗಿ ಕೋಡ್‌ನಿಂದ ಕಟ್ಟುತ್ತಿದ್ದರು, ಲೈವ್ ಸರ್ವರ್‌ನಲ್ಲಿ ಮಾತ್ರ ಅಲೆಂಬಿಕ್ ಎಂಬ ಸಾಧನದ ಮೈಗ್ರೇಷನ್‌ಗಳು (ಟೇಬಲ್‌ಗಳನ್ನು ಹಂತಹಂತವಾಗಿ ಬದಲಿಸುವ ಫೈಲ್‌ಗಳು) ಓಡುತ್ತಿದ್ದವು. ಎರಡರ ನಡುವೆಯೂ ವ್ಯತ್ಯಾಸ ಬರಬಹುದು. ಈಗ ಮೈಗ್ರೇಷನ್‌ಗಳಿಂದಲೇ ಒಂದು ಮಾದರಿ ಡೇಟಾಬೇಸ್ ಕಟ್ಟಿ, ಪೋಸ್ಟ್‌ಗ್ರೆಸ್‌ನ ಟೆಂಪ್ಲೇಟ್ ಸೌಲಭ್ಯದಿಂದ ಅದರ ಪ್ರತಿ ತೆಗೆದು ಟೆಸ್ಟ್‌ಗೆ ಕೊಡುತ್ತಿದ್ದಾರೆ. ಹಳೆಯ ಮೈಗ್ರೇಷನ್‌ಗಳಲ್ಲಿ ಕೆಲವು ಖಾಲಿ ಡೇಟಾಬೇಸ್ ಮೇಲೆ ಮೊದಲಿಂದ ಓಡುವುದಿಲ್ಲ. ಅವನ್ನು ಆ ಹುಡುಗಿಯೇ ಒಂದೊಂದಾಗಿ ಸರಿ ಮಾಡುತ್ತಿದ್ದಾಳೆ.